ಸುಧಾ ಕಾಲೇಜು ಬಿಟ್ಟ ಕಾರಣ

ಕಾಲೇಜು ಬಿಟ್ಟ ಮಕ್ಕಳನ್ನು ಕಂಡು ಕಾರಣ ತಿಳಿದುಕೊಂಡು ಬನ್ನಿ ಅಂತ ಪ್ರಿನ್ಸಿಪಾಲರು ಮೇಷ್ಟ್ರುಗಳನ್ನೆಲ್ಲ ಕಳಿಸಿದ್ದರು. ನನ್ನ ಪಾಲಿಗೆ ಬಂದವಳು ಬಿ.ಕಾಂ. ಎರಡನೇ ವರ್ಷದ ಸುಧಾ. ಬಳೇಪೇಟೆಯ ಬಳೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು.

"ಬನ್ನಿ ಮೇಡಂ," ಅಂತ ಸ್ಟೂಲು ಕೊಟ್ಟಳು.

"ಚೆನ್ನಾಗಿ ಓದ್ತಿದ್ದೆಯಲ್ಲಮ್ಮ, ಯಾಕೆ ಬಿಟ್ಬಿಟ್ಟೆ?"

"ನಾನೆಲ್ಲಿ ಬಿಟ್ಟೆ ಮೇಡಂ? ಹತ್ತು ನಿಮಿಷ ಲೇಟು ಅಂತ ನೀವೇ ದಿನಾ ಹೊರಗೆ ನಿಲ್ಲಿಸ್ತಿದ್ರಿ. ಆಮೇಲೆ ಅಟೆಂಡೆನ್ಸ್ ಸಾಲ್ದು ಅಂತ ಪರೀಕ್ಷೆಗೇ ಕೂರಿಸ್ಲಿಲ್ಲ."

"ಯಾಕೆ ಲೇಟಾಗ್ತಿತ್ತು?"

"ಅಪ್ಪಂಗೆ ಲಕ್ವ ಹೊಡೆದಿತ್ತು. ಸ್ನಾನ ಮಾಡ್ಸಿ, ತಿಂಡಿ ತಿನ್ಸಿ ಬರ್ತಿದ್ದೆ. ಆಗ್ಲೇ ಕೇಳಿದ್ರೆ ಹೇಳ್ತಿದ್ದೆ."

ಅಷ್ಟರಲ್ಲಿ ಗಿರಾಕಿ ಬಂದರು, ಅವಳು ಎದ್ದು ಹೋದಳು. ನಾನು ಸ್ಟೂಲು ಪಕ್ಕಕ್ಕಿಟ್ಟು ಹೊರಟೆ.

ಮಾರನೆಯ ದಿನ ವರದಿಯಲ್ಲಿ 'ವೈಯಕ್ತಿಕ ಕಾರಣ' ಅಂತ ಬರೆದುಕೊಟ್ಟೆ. ಯಾರ ವೈಯಕ್ತಿಕ ಅಂತ ಮೀಟಿಂಗಿನಲ್ಲಿ ಯಾರೂ ಕೇಳಲಿಲ್ಲ.