ವಿಕೆಟ್ಟಿಗೆ ಎಷ್ಟು ರನ್

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರಲ್ಲ, ಬೌಲರುಗಳ ವಿಷಯದಲ್ಲಿ ನಮ್ಮಪ್ಪನದು ಅದೇ ನ್ಯಾಯ. ಇಷ್ಟು ವರ್ಷ ಆಡಿದ್ದಾನೆ, ಒಂದು ವಿಕೆಟ್ಟಿಗೆ ಸರಾಸರಿ ಎಷ್ಟು ರನ್ ಕೊಟ್ಟಿದ್ದಾನೆ? ಅಷ್ಟು ತಿಳಿದರೆ ಅವನ ಬೌಲಿಂಗ್ ಮಾತ್ರವಲ್ಲ, ಬುದ್ಧಿ, ಸ್ವಭಾವ, ಮನೆತನ ಎಲ್ಲವೂ ತಿಳಿದಂತೆ. ಬೆಂಗಳೂರಿನಲ್ಲಿ ಹೈಸ್ಕೂಲು ಓದುವಾಗ ಅಪ್ಪ ಹತ್ತಿಸಿಕೊಂಡು ಬಂದ ಹುಚ್ಚು ಅದು. ಬೆಂಗಳೂರು ಸೀಮೆಯ ವಿಜಯಪುರದ ಹತ್ತಿರ ನಮ್ಮೂರಿನಲ್ಲಿ ರಾಗಿ ಹೊಲ, ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತ, ಬೇಸಿಗೆಯಲ್ಲಿ ಕೆರೆ ಒಣಗಿದ ಕೂಡಲೇ ಅಲ್ಲಿ ಪಿಚ್ಚಿಗೆಂದು ನಾರಿನ ಚಾಪೆ ಹಾಸಿ, ಮೊಳೆ ಹೊಡೆಸಿ ಪಂದ್ಯ ಆಡಿಸುತ್ತಿದ್ದರು. ಈ ಅಂಕಿ ಕಡಿಮೆಯಾದಷ್ಟೂ ಮೇಲು, ಅವರ ಸ್ವಂತದ್ದು ಒಂಬತ್ತು. ಅದನ್ನು ಕೇಳದ ನೆಂಟರು ನಮಗಿರಲಿಲ್ಲ.

ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೂಲಿಬೆಲೆ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗ ಮಿಡ್ಲ್ ಸ್ಕೂಲ್ ಮೇಷ್ಟ್ರು, ಮೇಲಾಗಿ ಅಲ್ಲಿಯ ತಂಡದ ಬೌಲರ್. ಸಕ್ಕರೆ ಸಿಗುತ್ತಿರಲಿಲ್ಲ, ಅಮ್ಮ ಬೆಲ್ಲದ ಕಾಫಿ ಮಾಡಿದಳು. ನಾನು ಲೋಟ ಕೊಟ್ಟು ಬಂದು ಬಾಗಿಲ ಮರೆಯಲ್ಲಿ ನಿಂತೆ. ಜಮೀನು, ಸಂಬಳ, ಜಾತಕ ಯಾವುದನ್ನೂ ಅಪ್ಪ ಕೇಳಲಿಲ್ಲ.

"ವಿಕೆಟ್ಟಿಗೆ ಎಷ್ಟಪ್ಪಾ ನಿಂದು?"

"ಇಪ್ಪತ್ತರ ಮೇಲೇ ಬೀಳುತ್ತೆ ಸಾರ್," ಎಂದರು ಮೇಷ್ಟ್ರು, ಸಂಕೋಚವಿಲ್ಲದೆ.

ಅಪ್ಪನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಇಡೀ ತಂಡವೇ ಐವತ್ತು ಅರವತ್ತಕ್ಕೆ ಮುಗಿಯುತ್ತಿದ್ದ ಆ ಚಾಪೆಯ ಮೇಲೆ ಇಪ್ಪತ್ತೆಂದರೆ ಅವನು ಬೌಲರೇ ಅಲ್ಲ. ಬಂದವರು ಬಸ್ಸು ಹತ್ತಿದ ಮೇಲೆ ಅಪ್ಪ ತೀರ್ಪು ಕೊಟ್ಟರು: "ಬ್ಯಾಡ. ಅಂಕಿ ಸುಳ್ಳು ಹೇಳಲ್ಲ."

ನನಗೆ ತಡೆಯಲಾರದ ಸಂಕಟವಾಯಿತು. ಏಕೆಂದರೆ ಆ ಮೇಷ್ಟ್ರನ್ನು ನಾನು ಮೊದಲೇ ನೋಡಿದ್ದೆ. ಹಿಂದಿನ ಬೇಸಿಗೆಯಲ್ಲಿ ಸೂಲಿಬೆಲೆಯವರು ನಮ್ಮ ಕೆರೆಯಲ್ಲಿ ಆಡಲು ಬಂದಾಗ ಅಮ್ಮನೂ ನಾನೂ ನೀರುಮಜ್ಜಿಗೆ ಹೊತ್ತು ಹೋಗಿದ್ದೆವು. ಈ ಮೇಷ್ಟ್ರ ಬೌಲಿಂಗಿನಲ್ಲಿ ಅವರ ಕಡೆಯ ದಪ್ಪನೆಯ ಶಾನುಭೋಗರೊಬ್ಬರು ಕ್ಯಾಚ್ ಬಿಟ್ಟರು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ಬಿಟ್ಟರು. ಔಟಾಗದೆ ಉಳಿದುಕೊಂಡ ನಮ್ಮೂರಿನವನು ಮನಸ್ಸಿಗೆ ಬಂದಂತೆ ಹೊಡೆದ. ಶಾನುಭೋಗರು ಅಳುವುದೊಂದು ಬಾಕಿ. ಮೇಷ್ಟ್ರು ಹತ್ತಿರ ಹೋಗಿ, "ಬಿಸಿಲು ಕಣ್ಣಿಗೆ ಹೊಡೀತದೆ ಸ್ವಾಮಿ, ಇದಿಟ್ಕೊಳಿ," ಎಂದು ತಮ್ಮ ಟೋಪಿಯನ್ನೇ ತೆಗೆದು ಅವರ ತಲೆಗಿಟ್ಟರು. ಅಷ್ಟೇ. ನಾನು ಮಜ್ಜಿಗೆ ಬಗ್ಗಿಸುವುದನ್ನು ಮರೆತು ನೋಡುತ್ತ ನಿಂತೆ. ನಮ್ಮ ಕಡೆ ಕ್ಯಾಚ್ ಬಿಟ್ಟವನ ಏಳು ತಲೆಮಾರನ್ನೂ ಅಪ್ಪ ಬಿಡುತ್ತಿರಲಿಲ್ಲ. ಮನೆಯಲ್ಲೂ ಅಷ್ಟೆ, ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಹಿತ್ತಲಿಗೆ ಹಾರುತ್ತಿತ್ತು.

ಹೆಣ್ಣುಮಕ್ಕಳು ತಮ್ಮ ಮದುವೆಯ ಮಾತಿಗೆ ಬಾಯಿ ಹಾಕುವ ಕಾಲ ಅದಲ್ಲ. ಆದರೂ ಮರುದಿನ ಅಪ್ಪ ಊಟಕ್ಕೆ ಕೂತಾಗ ಹಾಕಿಬಿಟ್ಟೆ.

"ಬಿಟ್ಟ ಕ್ಯಾಚು ಯಾರ ಲೆಕ್ಕಕ್ಕಪ್ಪ?"

"ಬೌಲರ್ ಲೆಕ್ಕಕ್ಕೆ. ಇನ್ಯಾರ ಲೆಕ್ಕಕ್ಕೆ?"

"ಹಂಗಾದ್ರೆ ಆ ಇಪ್ಪತ್ತರಲ್ಲಿ ಬೇರೆಯವರ ತಪ್ಪೂ ಸೇರ್ಕೊಂಡೈತೆ. ಬಿಟ್ಟವರನ್ನ ಅವರು ಬೈಯಲಿಲ್ಲ, ನಾನೇ ನೋಡಿದೀನಿ. ನಂಗೆ ಅವರೇ ಆಗ್ಬೇಕು."

ಅಪ್ಪನ ಕೈ ತಟ್ಟೆಯ ಮೇಲೇ ನಿಂತಿತು. ಅವರು ಬಾಯಿ ತೆರೆಯುವ ಮೊದಲೇ, ಗಂಡನೆದುರು ಎಂದೂ ದನಿ ಎತ್ತದ ಅಮ್ಮ, ಮುದ್ದೆಗೆ ಸಾರು ಬಿಡುತ್ತ ಮೆಲ್ಲಗೆ ಹೇಳಿದಳು: "ನಿಮ್ಮ ಒಂಬತ್ತು ಚೆನ್ನಾಗೇ ಐತೆ. ಅದರ ಜೊತೇಲಿ ನಾನು ಬಾಳಿದೀನಿ. ಮಗಳು ಇಪ್ಪತ್ತರ ಜೊತೇಲೇ ಬಾಳ್ಲಿ ಬಿಡಿ."

ತಟ್ಟೆ ಹಾರೀತೆಂದು ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಅಪ್ಪ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಅಮ್ಮನ ಮುಖ ನೋಡಲು ಅವರಿಂದಾಗಲಿಲ್ಲ. ಆ ಗಳಿಗೆಯಲ್ಲಿ ಅಪ್ಪನ ಮೇಲೆ ಉಕ್ಕಿದಷ್ಟು ಪ್ರೀತಿ ನನಗೆ ಮತ್ತೆಂದೂ ಉಕ್ಕಲಿಲ್ಲ. ಕೈ ತೊಳೆದು ಜಗಲಿಗೆ ಹೋದರು. ಆಮೇಲೆ ಗಾಡಿ ಕಟ್ಟಲು ಆಳಿಗೆ ಹೇಳಿದರು. ಪೇಟ ಸುತ್ತಿಕೊಂಡು ಹೊಸ್ತಿಲವರೆಗೆ ಹೋದವರು ತಿರುಗಿ ನಿಂತರು.

"ಸೂಲಿಬೆಲೆಗೆ ಹೋಗ್ತಿದೀನಿ," ಎಂದರು ಅಮ್ಮನಿಗೆ. ಪೇಟ ಸರಿಮಾಡಿಕೊಳ್ಳುತ್ತ, "ನೀನೂ ಬರ್ತೀಯಾ?"

ಅವರು ಅಮ್ಮನನ್ನು ಹಾಗೆ ಕೇಳಿದ್ದು ಅದೇ ಮೊದಲು. ಅಮ್ಮ ಸೀರೆ ಬದಲಿಸಲು ಒಳಗೆ ಓಡಿದಳು.