ಟೆಸ್ಟಿಂಗಿಗೆ ಅವ್ವನ ದನಿ

ಮೊಮ್ಮಗ ಗದಗಿನ ಗುಜರಿ ಅಂಗಡಿಯಿಂದ ಹಳೆಯ ಸ್ಪೀಕರು ತಂದು ಆಂಪ್ಲಿಫೈಯರಿಗೆ ಜೋಡಿಸುತ್ತಿದ್ದ. ಕಾದ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ಹಳೆಯ ಸಿಟ್ಟು ನೆತ್ತಿಗೇರಿತು.

ಏಕೀಕರಣದ ಸಂಭ್ರಮಕ್ಕೆಂದು ಅಪ್ಪನೂ ಬೆಟಗೇರಿಯ ನಮ್ಮ ಮನೆಗೆ ಹೀಗೇ ಹಳೆಯ ಹಾರ್ನ್ ಸ್ಪೀಕರು ತಂದಿದ್ದ. ಅದು ಆಂಪ್ಲಿಫೈಯರಿಗೆ ಹೊಂದದೆ ದನಿ ಒಡೆಯುತ್ತಿತ್ತು. ಅವನು ವಾಯರು ಬದಲಿಸಿದಾಗಲೆಲ್ಲ ಅವ್ವ ಮಗ್ಗ ಬಿಟ್ಟೆದ್ದು ಬಂದು ಮೈಕಿನ ಮುಂದೆ ಹಾಡಬೇಕಿತ್ತು. ಸಂಜೆಗೆ ದನಿ ತಿಳಿಯಾಯಿತು.

"ನಾಳಿಗೆ ನಾನೂ ಹಾಡ್ಲೇನ್ರಿ?" ಅಂದಳು ಅವ್ವ.

"ಹೆಣ್ಮಕ್ಕಳು ಮಂದಿ ಮುಂದ ಹಾಡ್ತಾರೇನು? ಟೆಸ್ಟಿಂಗ್ ಆತಲ್ಲ, ಒಳಗ ನಡಿ," ಅಂದ ಅಪ್ಪ.

ಮರುದಿನ ಅದೇ ಹಾರ್ನಿನಲ್ಲಿ ಗಂಡಸರೆಲ್ಲ ಕನ್ನಡ ತಾಯಿಗೆ ಜೈಕಾರ ಹಾಕಿದರು. ಅವ್ವ ಒಳಗೆ ಅವರಿಗೆ ರೊಟ್ಟಿ ಬಡಿಯುತ್ತಿದ್ದಳು.

"ಅಜ್ಜಿ, ಟೆಸ್ಟಿಂಗಿಗೆ ಏನರ ಹಾಡು," ಅಂದ ಮೊಮ್ಮಗ.

ಮೈಕು ಕಸಿದುಕೊಂಡೆ. "ಟೆಸ್ಟಿಂಗಿಗೆ ಹಾಡಂಗಿಲ್ಲ ನಾನು. ಕಿಡಕಿ ತಗಿಲೇ, ಓಣಿಗೆಲ್ಲ ಕೇಳ್ಲಿ."