ಬಲೀಂದ್ರನನ್ನು ಕರೆದದ್ದು

ತರಗತಿಯಲ್ಲಿ ನಾನು ಮಕ್ಕಳಿಗೆ ಹೇಳಿಕೊಡುವ ದೀಪಾವಳಿಯಲ್ಲಿ ರಾಮ ಅಯೋಧ್ಯೆಗೆ ಮರಳುತ್ತಾನೆ, ನರಕಾಸುರ ಸಾಯುತ್ತಾನೆ. ಆದರೆ ವೇಣೂರಿನ ನಮ್ಮ ಗದ್ದೆಗೆ ಬರುವವನು ಸೋತವನು, ಮೂರು ಹೆಜ್ಜೆಯಲ್ಲಿ ನೆಲವನ್ನೆಲ್ಲ ಕಳೆದುಕೊಂಡ ಬಲಿ ಚಕ್ರವರ್ತಿ, ನಮ್ಮವರ ಬಲೀಂದ್ರ. ಉಪ್ಪು ಕರ್ಪೂರವಾದ ದಿನ, ಕರಿಕಲ್ಲು ಕಾಯಿ ಬಿಟ್ಟ ದಿನ ನಿನ್ನ ರಾಜ್ಯ ನಿನಗೆ ಎಂದು ಅವನಿಗೆ ಮಾತು ಕೊಟ್ಟರಂತೆ. ಇಂಥ ಮಾತು ಕೊಡುವವರನ್ನು ನಾನೂ ಬಹಳ ನೋಡಿದ್ದೇನೆ. ಅಲ್ಲಿಯವರೆಗೆ ಅವನು ವರ್ಷಕ್ಕೊಮ್ಮೆ ಬಂದು ಹೋಗಬಹುದು, ಅದೂ ಗದ್ದೆಯ ಬದುವಿನಲ್ಲಿ ದೀಪ ಇಟ್ಟು ಯಾರಾದರೂ ಹೆಸರೆತ್ತಿ ಕರೆದರೆ.

ನಮ್ಮ ಮನೆಯಲ್ಲಿ ಕರೆಯುತ್ತಿದ್ದವರು ಮಾವ, ಅಮ್ಮನ ಅಣ್ಣ. ಅವರು ತೀರಿಕೊಂಡು ವರ್ಷ ಕಳೆದ ಮೇಲೆ ಬಂದ ಮೊದಲ ದೀಪಾವಳಿಗೆ ಮನೆಯಲ್ಲಿದ್ದವರು ಅಮ್ಮ ಮತ್ತು ನಾನು. ಕರೆಯದ ಗದ್ದೆಯನ್ನು ಬಲೀಂದ್ರ ದಾಟಿ ಹೋಗುತ್ತಾನೆ ಎಂದು ಅಮ್ಮ ಗಟ್ಟಿಯಾಗಿ ನಂಬಿದ್ದಾಳೆ. ಆ ದಿನ ಅವಳಿಗೆ ಊಟವೇ ಸೇರಲಿಲ್ಲ.

ಕತಾರಿನಲ್ಲಿರುವ ತಮ್ಮ ಉಪಾಯ ಹೇಳಿದ. "ನೀನು ಗದ್ದೆಯಲ್ಲಿ ಫೋನ್ ಹಿಡಿ ಅಕ್ಕ, ಸ್ಪೀಕರ್ ಹಾಕು. ನಾನು ಇಲ್ಲಿಂದಲೇ ಕರೀತೇನೆ."

ಪಕ್ಕದ ಮನೆಯ ಹಿರಿಯರಿಗೂ ಅದು ಸರಿ ಕಂಡಿತು. "ಹೆಂಗಸರು ಕರೆಯುವ ಕ್ರಮ ಇಲ್ಲ ಮಗಾ. ನೀನು ದೀಪ ಇಡು, ಸಾಕು."

ನನಗೆ ಪಿತ್ತ ನೆತ್ತಿಗೇರಿತು. ಅಳಿಯಸಂತಾನದ ಮನೆ ನಮ್ಮದು. ಗದ್ದೆ ಅಜ್ಜಿಯಿಂದ ಅಮ್ಮನಿಗೆ ಬಂದದ್ದು. ಭತ್ತದ ನೇಜಿ ನೆಟ್ಟವರು, ಕಳೆ ಕಿತ್ತವರು ಹೆಂಗಸರು. ಟಿಲ್ಲರಿನವನಿಗೆ ಹತ್ತು ಸಲ ಫೋನ್ ಮಾಡಿ ಗೋಗರೆದವಳು ನಾನು. ಬಲೀಂದ್ರನನ್ನು ಕರೆಯಲು ಮಾತ್ರ ಕತಾರಿನಿಂದ ಗಂಡು ಗಂಟಲು ಬರಬೇಕು!

"ಫೋನಿನಲ್ಲಿ ಕರೆಯುವ ಕ್ರಮ ಉಂಟಾ?" ಎಂದು ಕೇಳಿದೆ. ಅವರು ಎಲೆಯಡಿಕೆ ಉಗಿಯಲು ಎದ್ದು ಹೋದರು.

ಮುಸ್ಸಂಜೆಗೆ ಫೋನನ್ನು ಆಫ್ ಮಾಡಿ ಅಡುಗೆಮನೆಯಲ್ಲೇ ಬಿಟ್ಟೆ. ಕೋಲಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ ಹೊತ್ತಿಸಿದೆ. ಅಮ್ಮ ಅವಲಕ್ಕಿ, ಕಾಯಿಚೂರು, ಕಾಡುಹೂವಿನ ತಟ್ಟೆ ಹಿಡಿದು ಹಿಂದೆ ಬಂದಳು. ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಬದುವಿನಲ್ಲಿ ದೀಪದ ಕೋಲು ನೆಟ್ಟೆ. ಪಕ್ಕದ ಅಂಗಳದಲ್ಲಿ ಹಿರಿಯರು ಮನೆಮಂದಿಯೊಂದಿಗೆ ನಿಂತು ನೋಡುತ್ತಿದ್ದರು. ನೋಡಲಿ ಎಂದುಕೊಂಡೆ.

"ಬಲೀಂದ್ರಾ... ಕೂ!"

ಮೊದಲನೆಯದು ಒಡೆಯಿತು. ಎರಡನೆಯದು ಹೊಳೆಯವರೆಗೆ ಹೋಯಿತು. ಮೂರನೆಯದು ಮಾವನ ನೆನಪಾಗಿ ಬದುವನ್ನೂ ದಾಟಲಿಲ್ಲ. ನಮ್ಮ ಕ್ರಮದಲ್ಲಿ ಕರೆಯುವುದು ಮೂರೇ ಸಲ. ಮುಗಿಯಿತು ಎಂದು ಮನೆಯತ್ತ ತಿರುಗಿದೆ.

ಅಮ್ಮ ನಿಂತಲ್ಲಿಂದ ಕದಲಲಿಲ್ಲ. ಪಕ್ಕದ ಅಂಗಳಕ್ಕೂ ಕೇಳುವ ಹಾಗೆ ಹೇಳಿದಳು, "ಮೂರನೆಯದು ಸಣ್ಣ ಆಯ್ತು. ಇನ್ನೊಂದು ಸಲ ಕರಿ."

ಕರೆದೆ.